ನಿವೃತ್ತಿಯಾಯ್ತು. ಈಗ ಮನೆಯವಳು ಊರು ಸುತ್ತುತ್ತಾಳೆ, ನಾನು ಬಾಗಿಲು ಕಾಯ್ತೀನಿ

ಹಾಸನದ ಹಳೇ ಕಂಡಕ್ಟರ್:

ಎಲ್ಲರಿಗೂ ನಮಸ್ಕಾರ. 1990ರಲ್ಲಿ ಕಂಡಕ್ಟರ್ ಆಗಿ ಸೇರಿದೋನು, 2024ರಲ್ಲಿ ಅರವತ್ತು ತುಂಬಿ ಮೆಷಿನ್ನು, ಬ್ಯಾಗು ಒಪ್ಪಿಸಿ ಬಂದೆ. ಮೊದಮೊದಲು ಸಕಲೇಶಪುರದ ಕಡೆ ಓಡ್ತಿದ್ದೆ, ಕೊನೆಯ ಹದಿಮೂರು ವರ್ಷ ಬೇಲೂರು, ಚಿಕ್ಕಮಗಳೂರು. ಮೊದಲು ನನ್ನ ಅವಸ್ಥೆ ಹೇಳ್ಕೋತೀನಿ, ಪ್ರಶ್ನೆ ಆಮೇಲೆ.

ಬೆಳಗ್ಗೆ ನಾಲ್ಕಕ್ಕೆ ಈಗಲೂ ಎಚ್ಚರ ಆಗುತ್ತೆ. ಎದ್ದು ಲುಂಗಿ ಕಟ್ಕೊಂಡು, ಮುಖ ತೊಳೆದ ಮೇಲೆ ನೆನಪಾಗೋದು, ಇವತ್ತೂ ಡ್ಯೂಟಿ ಇಲ್ಲ ಅಂತ. ಕತ್ತಲಲ್ಲೇ ಕೂತ್ಕೋತೀನಿ. ಆಗ ಹೆತ್ತೂರು ಕಡೆಯ ನೈಟ್ ಹಾಲ್ಟ್ ನೆನಪಾಗುತ್ತೆ. ಮಳೆಗಾಲದಲ್ಲಿ ಬಸ್ಸೊಳಗೇ ಹಿಂದಿನ ಉದ್ದ ಸೀಟಿನ ಮೇಲೆ ಕಂಬಳಿ ಹೊದ್ದು ಮಲಗಿದ್ರೆ ಬೆಳಗ್ಗೆ ಕಾಲಲ್ಲಿ ಎರಡು ಉಂಬಳ ಗ್ಯಾರಂಟಿ. ಡ್ರೈವರ್ ಇಂಜಿನ್ ಸ್ಟಾರ್ಟ್ ಮಾಡಿ ಒಂದು ಹಾರನ್ ಹೊಡೆದ ಅಂದ್ರೆ ತೋಟದ ದಾರಿಯಿಂದ ಟಾರ್ಚ್ ಬೆಳಕು ಒಂದೊಂದಾಗಿ ಇಳಿದು ಬರೋವು. ಹಾಲಿನ ಕ್ಯಾನು, ಬಾಳೆಗೊನೆ, ಒಬ್ಬ ಮಗಳ ಮನೆಗೆ ಅಂತ ಕೋಳಿ. ಒಬ್ಬ ತಾಯಿ ವಾರಕ್ಕೊಂದು ದಿನ ಅಕ್ಕಿ ರೊಟ್ಟಿ ಪಂಚೆ ಬಟ್ಟೇಲಿ ಸುತ್ತಿ ಕೊಡೋರು. "ಅಣ್ಣಾ, ಸಕಲೇಶಪುರ ಸ್ಟ್ಯಾಂಡಲ್ಲಿ ಮಗ ಕಾಯ್ತಿರ್ತಾನೆ, ಕೊಟ್ಬಿಡಿ." ನನ್ನ ಸೀಟಲ್ಲಿ ಇಟ್ಕೊಂಡು ಹೋಗ್ತಿದ್ದೆ, ಇಳಿಯೋ ಹೊತ್ತಿಗೂ ಬಟ್ಟೆ ಬೆಚ್ಚಗೇ ಇರೋದು. ಆ ಹುಡುಗ ಹಾಸ್ಟೆಲಿಂದ ಓಡಿ ಬಂದು ಈಸ್ಕೊಂಡು, ಅಲ್ಲೇ ಒಂದು ಮುರಿದು ಬಾಯಿಗೆ ಹಾಕ್ಕೊಳ್ಳೋನು.

ಇರಲಿ. ವಿಷಯ ನಮ್ಮನೆಯವಳದ್ದು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತಲ್ಲ, ಅವತ್ತಿಂದ ರಿಟೈರ್ ಆಗೋವರೆಗೂ ಶೂನ್ಯ ದರದ ಟಿಕೆಟ್ ಹರಿದು ಹರಿದು ಕೊಟ್ಟೆ. ಪುಕ್ಕಟೆ ಅಂತ ಟಿಕೆಟ್ ಕೊಡದೆ ಬಿಡೋ ಹಾಗಿಲ್ಲ, ಆ ಲೆಕ್ಕದ ಮೇಲೇ ಸರ್ಕಾರ ಸಂಸ್ಥೆಗೆ ದುಡ್ಡು ಕಟ್ಟೋದು. ಇಡೀ ಜಿಲ್ಲೆಯ ಹೆಂಗಸರು ಹತ್ತಿದರು, ಇವಳೊಬ್ಬಳು ಹತ್ತಲಿಲ್ಲ. "ನೀವು ಊಟಕ್ಕೆ ಯಾವ ಹೊತ್ತಿಗೆ ಬರ್ತೀರೋ, ಮನೆ ಬಿಟ್ಟು ಹೇಗೆ ಹೋಗ್ಲಿ" ಅನ್ನೋಳು. ಈಗ ನಾನು ಮನೇಲಿದ್ದೀನಿ, ಮನೆ ಕಾಯೋಕೆ ಆಳು ಸಿಕ್ಕಿದ ಹಾಗಾಯ್ತು. ಬೀದಿಯ ನಾಲ್ಕು ಜನ ಹೆಂಗಸರ ಜೊತೆ ಸೇರ್ಕೊಂಡು ಒಂದ್ಸಲ ಧರ್ಮಸ್ಥಳ, ಇನ್ನೊಂದ್ಸಲ ಶೃಂಗೇರಿ. ಸಂಜೆ ಬಂದು ಚಾರ್ಮಾಡಿ ಘಾಟಿ ಎಷ್ಟು ಚೆಂದ ಅಂತ ನನಗೇ ವರ್ಣನೆ ಮಾಡ್ತಾಳೆ!

"ನೀವೂ ಬನ್ನಿ" ಅಂತಾಳೆ. ನನಗೆ ಆಗಲ್ಲ. ಐದು ಜನ ಹೆಂಗಸರ ಮಧ್ಯೆ ಪ್ಯಾಸೆಂಜರ್ ಥರ ಕೂತ್ಕೊಳ್ಳೋದು ಅಂದ್ರೆ ಏನೋ ಮುಜುಗರ. ಒಂದು ಸ್ಕೂಲಿನೋರು ವ್ಯಾನಲ್ಲಿ ಮಕ್ಕಳನ್ನ ಹತ್ತಿಸಿ ಇಳಿಸೋ ಕೆಲಸಕ್ಕೆ ಕರೀತಿದಾರೆ. ಹೋಗ್ಲಾ, ಬೇಡ್ವಾ? ಪಿಎಫ್ ಪಿಂಚಣಿ ನಾಲ್ಕೈದು ಸಾವಿರ ಬರುತ್ತೆ, ಆದ್ರೂ ಇದು ದುಡ್ಡಿನ ಮಾತಲ್ಲ. ನಗಬೇಡಿ, ನಿಜವಾಗಿ ಕೇಳ್ತಿದೀನಿ.

ಮೂಡಿಗೆರೆ ಅಜ್ಜಿ:

ನಕ್ಕೆ ಮಾರಾಯ್ರೆ, ತಪ್ಪು ತಿಳೀಬೇಡಿ. ನಮ್ಮನೆಯವರು ತೋಟದಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯೋ ರೈಟರ್ ಆಗಿದ್ದವರು. ಕೆಲಸ ಬಿಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ಡಬ್ಬ ಎಲ್ಲಿಡ್ತೀನಿ, ಎಣ್ಣೆ ಎಷ್ಟು ಹಾಕ್ತೀನಿ ಅಂತ ಮಸ್ಟರ್ ಹಿಡಿಯೋಕೆ ಶುರು ಮಾಡಿದ್ರು. ನೀವು ಹಾಗೆ ಮಾಡ್ತಿಲ್ಲ ತಾನೇ? ನಿಮ್ಮ ಸೆಕೆಂಡ್ ಶಿಫ್ಟ್ ದಿನಗಳಲ್ಲಿ ರಾತ್ರಿ ಹನ್ನೊಂದಕ್ಕೆ ಸಾರು ಬಿಸಿ ಮಾಡಿ ಕಾಯ್ತಿದ್ದವರು ಯಾರು ಅಂತ ಒಂದ್ಸಲ ನೆನಪು ಮಾಡ್ಕೊಳ್ಳಿ. ಅವರು ಬರೋ ಹೊತ್ತಿಗೆ ಅನ್ನಕ್ಕೆ ಇಟ್ಟಿರಿ. ಸಾರು ಬರದಿದ್ರೆ ಮಜ್ಜಿಗೆ, ಉಪ್ಪಿನಕಾಯಿ ಸಾಕು.

ಇನ್ನೊಂದು. ಐದು ಜನರ ಜೊತೆ ಹೋಗಬೇಡಿ. ಅಲ್ಲಿ ಅವರ ಮಾತೇ ಬೇರೆ ಇರುತ್ತೆ, ನೀವಿದ್ರೆ ಬಾಯಿ ಕಟ್ಟಿದ ಹಾಗೆ. ಇಬ್ಬರೇ ಹತ್ತಿರದಲ್ಲಿ ಎಲ್ಲಿಗಾದ್ರೂ ಹೋಗಿ ಬನ್ನಿ.

ಪಾರ್ಕ್ ಬೆಂಚ್:

ಅಂಚೆ ಕಚೇರಿ ಕೌಂಟರಿನಲ್ಲಿ ಕೂತು ರಿಟೈರ್ ಆದವನು ನಾನು, ಈಗ ಮಹಾರಾಜ ಪಾರ್ಕಿನ ಬೆಂಚಲ್ಲಿ ಕೂರ್ತೀನಿ. ದುಡ್ಡಿನ ಮಾತಲ್ಲ ಅಂದಿರಿ, ಆದ್ರೂ ಹೇಳದೆ ಇರೋಕಾಗಲ್ಲ. ಗ್ರ್ಯಾಚ್ಯುಟಿ ದುಡ್ಡು ಎಸ್‌ಬಿ ಖಾತೆಯಲ್ಲೇ ಬಿದ್ದಿದ್ರೆ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿ. ಐದು ವರ್ಷ, ಬಡ್ಡಿ 8.2%, 30 ಲಕ್ಷದವರೆಗೆ ಇಡಬಹುದು. ಹತ್ತು ಲಕ್ಷ ಇಟ್ರೆ ಮೂರು ತಿಂಗಳಿಗೊಮ್ಮೆ 20,500 ಬರುತ್ತೆ. ಬಾಮೈದ ಸೈಟು ತೋರಿಸ್ತೀನಿ ಅಂದ್ರೆ ಸೊಂಟ ನೋವು ಅಂತ ಹೇಳಿ ಮಲಗಿಬಿಡಿ.

ಬದುಕಿದ್ದೀನಿ ಅಂತ ತೋರಿಸೋ ಜೀವನ ಪ್ರಮಾಣ ಪತ್ರ ಮರೀಬೇಡಿ. ಪಿಎಫ್ ಪಿಂಚಣಿಗೆ ನವೆಂಬರೇ ಆಗಬೇಕು ಅಂತಿಲ್ಲ, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತೆ. ಟಿಕೆಟ್ ಹರಿದು ಹೆಬ್ಬೆಟ್ಟು ಸವೆದಿದ್ರೆ ಮೆಷಿನ್ನು ತಗೊಳ್ಳಲ್ಲ, ಮೊಬೈಲಲ್ಲಿ ಮುಖ ತೋರಿಸಿದ್ರೂ ಆಗುತ್ತೆ.

ವ್ಯಾನ್ ಕೆಲಸ ಬೇಡ ಅಂತ ನನಗನಿಸುತ್ತೆ. ಮತ್ತೆ ನಾಲ್ಕಕ್ಕೆ ಏಳೋಕೆ ಒಂದು ನೆಪ ಹುಡುಕ್ತಿದೀರಿ ಅಷ್ಟೇ.

ಶಾಂತಿಗ್ರಾಮದ ಆಲೂಗಡ್ಡೆ:

ಯಾರಾದ್ರೂ "ರಿಟೈರ್ ಆಯ್ತಲ್ಲ, ಜಮೀನು ಮಾಡಿ" ಅಂದ್ರೆ ನನಗೊಂದು ಫೋನ್ ಹಾಕಿ. ಎಪಿಎಂಸಿಯಲ್ಲಿ ಪಂಜಾಬಿನ ಬಿತ್ತನೆ ಆಲೂಗಡ್ಡೆ ಕೊಂಡು ಬಿತ್ತಿದೆ. ಎರಡು ವಾರ ಬಿಡದೆ ಮೋಡ ಮುಸುಕಿತು, ಅಂಗಮಾರಿ ರೋಗ ಬಿತ್ತು. ಬಿತ್ತಿದ ಮೂಟೆಯಷ್ಟೂ ವಾಪಸ್ ಬರಲಿಲ್ಲ. ನಮ್ಮಾಕೆ ಇವತ್ತಿಗೂ ಪಲ್ಯ ಬಡಿಸೋವಾಗ "ನಿಮ್ಮ ಪಿಂಚಣಿ" ಅಂತಲೇ ಬಡಿಸ್ತಾಳೆ.

ಹಾಸನದ ಹಳೇ ಕಂಡಕ್ಟರ್:

ಹೋಗಿ ಬಂದ್ವಿ! ಅಜ್ಜಿಯಮ್ಮ ಹೇಳಿದ ಹಾಗೆ ಇಬ್ಬರೇ, ಬೇಲೂರಿಗೆ. ಹೊಸ ಸ್ಟ್ಯಾಂಡಲ್ಲಿ ಹತ್ತಿದ ಕೂಡಲೇ ಕೈ ತಾನಾಗೇ ಮೇಲಿನ ಕಂಬಿ ಹಿಡೀತು, ಬಾಗಿಲ ಹತ್ತಿರ ನಿಂತುಬಿಟ್ಟೆ. ಇವಳು ಅಂಗಿ ಹಿಡಿದು ಎಳೆದು ಕಿಟಕಿ ಪಕ್ಕ ಕೂರಿಸಿದಳು. ಕೂತಮೇಲೂ ತಲೆ ಎಣಿಸಿದೆ. 61. ಕಂಡಕ್ಟರ್ ಹೊಸ ಹುಡುಗ, ನನ್ನ ಗುರುತಿಲ್ಲ. ನಾನೂ ಹೇಳಿಕೊಳ್ಳಲಿಲ್ಲ. ಇವಳು ಆಧಾರ್ ತೋರಿಸಿ ತನ್ನ ಶೂನ್ಯ ಟಿಕೆಟ್ ಈಸ್ಕೊಂಡಳು. ನಾನು ಇನ್ನೂರರ ನೋಟು ಕೊಟ್ಟೆ, ಅವನು ಬಾಕಿ ಟಿಕೆಟ್ ಹಿಂದೆ ಗೀಚಿ ಮುಂದೆ ಹೋದ. ಅವನ ಅಕ್ಷರ ನನ್ನದಕ್ಕಿಂತ ಕೆಟ್ಟದಾಗಿದೆ, ಸ್ವಲ್ಪ ಸಮಾಧಾನ ಆಯ್ತು.

ಹದಿಮೂರು ವರ್ಷ ದಿನಾ ಬೇಲೂರು ಸ್ಟ್ಯಾಂಡು ಮೆಟ್ಟಿದೋನು, ಗುಡಿಯೊಳಗೆ ಹೋಗಿದ್ದು ಮದುವೆಯಾದ ಹೊಸತರಲ್ಲಿ ಒಂದೇ ಸಲ. ಟ್ರಿಪ್ಪಿನ ಮಧ್ಯೆ ಕಾಫಿ ಕುಡಿಯೋಕೆ ಟೈಮು ಸಿಕ್ಕರೆ ಹೆಚ್ಚು. ಇವಳು ಈ ವರ್ಷವೇ ಮೂರು ಸಲ ಹೋಗಿದಾಳಂತೆ. ಗೈಡ್ ಬೇಡ ಅಂದು ದರ್ಪಣ ಸುಂದರಿ ಯಾವ ಕಂಬದ ಮೇಲಿದಾಳೆ ಅಂತ ಸೀದಾ ಕರ್ಕೊಂಡು ಹೋದಳು. ವಿಷ್ಣುವರ್ಧನ ಕಟ್ಟಿಸಿದ್ದು, 1117 ಅಂತ ಇಸವಿ ಬೇರೆ. ಕುತ್ತಿಗೆ ನೋವು ಬರೋವರೆಗೂ ಮೇಲೆ ನೋಡಿದೆ.

ವ್ಯಾನಿನೋರಿಗೆ ಇನ್ನೂ ಏನೂ ಹೇಳಿಲ್ಲ.

ಇದೊಂದನ್ನ ಡಿಪೋದೋರು ಯಾರಾದ್ರೂ ಓದ್ತಿದ್ರೆ ಅಲ್ಲಿ ಹೇಳಬೇಡಿ. ಗುಡಿ ಮುಂದೆ ಹೂವು ಕೊಳ್ಳೋಕೆ ಜೇಬಿಗೆ ಕೈ ಹಾಕಿದ್ರೆ ಟಿಕೆಟ್ಟು ಬಂತು, ಹಿಂದೆ ಬಾಕಿ ಬರೆದದ್ದು ಹಾಗೇ ಇದೆ. ಚಿಲ್ಲರೆ ಈಸ್ಕೊಳ್ಳೋದನ್ನೇ ಮರೆತು ಇಳಿದಿದ್ದೆ. ಬಸ್ಸು ಅಷ್ಟೊತ್ತಿಗೆ ಚಿಕ್ಕಮಗಳೂರಿನ ಅರ್ಧ ದಾರಿಯಲ್ಲಿರಬೇಕು. ಮೂವತ್ತನಾಲ್ಕು ವರ್ಷ ಇಂಥೋರನ್ನ ಕೂಗಿ ಕೂಗಿ ಕರೆದು ಚಿಲ್ಲರೆ ಕೊಟ್ಟೋನು ನಾನು. ಇವಳು ಹೂವಿನೋಳ ಹತ್ತಿರ ಅದನ್ನೇ ಹೇಳ್ಕೊಂಡು ನಗ್ತಾ, ತನ್ನ ಪರ್ಸಿಂದ ದುಡ್ಡು ತೆಗೆದು ಎರಡು ಮೊಳ ಸೇವಂತಿಗೆ ಕೊಂಡಳು.