503ರಿಂದ 298 ಕಳೆದರೆ 395 ಎಂದು ಬರೆಯುವ ಐದನೇ ತರಗತಿ: ಎಲ್ಲಿಂದ ಶುರು ಮಾಡಲಿ?

ಪೆರ್ಲದ ಟೀಚರ್:

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ ಒಂದು ಕನ್ನಡ ಮಾಧ್ಯಮ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ. ಈ ವರ್ಷ ಐದನೇ ತರಗತಿ ನನ್ನ ಪಾಲಿಗೆ ಬಂದಿದೆ. 24 ಮಕ್ಕಳು. ಮಳೆ ಎಷ್ಟೇ ಇರಲಿ, ಶಾಲೆ ತಪ್ಪಿಸುವವರಲ್ಲ. ಹತ್ತರವರೆಗೆ ಮಗ್ಗಿ ಹೆಚ್ಚಿನವರಿಗೆ ಬಾಯಿಪಾಠ ಇದೆ. ಆದರೆ ಒಂದು ಸಂಖ್ಯೆ ನೋಡಿದಾಗ ಅದು ಎಷ್ಟು ದೊಡ್ಡದು, ಯಾವುದರ ಹತ್ತಿರ ಇದೆ ಎಂಬ ಅಂದಾಜು ಬರುತ್ತಿಲ್ಲ.

503 − 298 ಕೊಟ್ಟೆ. ಅರ್ಧಕ್ಕರ್ಧ ಮಕ್ಕಳ ಉತ್ತರ 395. ಬಾಯಿಗೆ ಬಂದದ್ದನ್ನು ಬರೆದದ್ದಲ್ಲ, ಅದರಲ್ಲೊಂದು ಕ್ರಮ ಇದೆ. 3ರಿಂದ 8 ಹೋಗುವುದಿಲ್ಲ, ಹಾಗಾಗಿ 8ರಿಂದ 3 ಕಳೆದರು. ಸೊನ್ನೆಯಿಂದ 9 ಹೋಗುವುದಿಲ್ಲ, ಹಾಗಾಗಿ 9ರಿಂದ ಸೊನ್ನೆ ಕಳೆದರು. ಕೊನೆಗೆ 5ರಿಂದ 2. ಅದೇ ಮಕ್ಕಳ ಹತ್ತಿರ, "500 ರೂಪಾಯಿ ಹಿಡಿದುಕೊಂಡು ಅಂಗಡಿಗೆ ಹೋದಿರಿ, 300 ರೂಪಾಯಿಯ ಸಾಮಾನು ತಂದಿರಿ, ಎಷ್ಟು ಉಳಿಯಿತು?" ಎಂದರೆ ಬಾಯಿ ಮುಚ್ಚುವ ಮೊದಲೇ 200 ಎನ್ನುತ್ತಾರೆ. ಆ 200ಕ್ಕೂ ಪುಸ್ತಕದಲ್ಲಿ ಬರೆದ 395ಕ್ಕೂ ಏನೋ ಸಂಬಂಧ ಇದೆ ಎಂದು ಅವರಿಗೆ ಅನಿಸುವುದೇ ಇಲ್ಲ. 1000 − 998ಕ್ಕೆ 1998 ಎಂದು ಬರೆದವರೂ ಇದ್ದಾರೆ. ಇದ್ದದ್ದಕ್ಕಿಂತ ಉಳಿದದ್ದು ಜಾಸ್ತಿ ಆಯಿತಲ್ಲಾ ಎಂದು ಒಬ್ಬರೂ ಕೇಳಲಿಲ್ಲ.

ಇನ್ನೊಂದು, ಬಾಯಲ್ಲಿ ಹೇಳಿ ಬರೆಸುವಾಗಿನ ತೊಂದರೆ. "ಮೂರು ಸಾವಿರದ ನಲವತ್ತು" ಎಂದರೆ 300040 ಬರೆಯುತ್ತಾರೆ. ಕೇಳಿದ್ದನ್ನು ಕೇಳಿದ ಹಾಗೆ ಇಳಿಸುತ್ತಾರೆ, ಅಲ್ವಾ.

ಮನೆಯಲ್ಲಿ ಕೆಲವರದ್ದು ತುಳು, ಕೆಲವರದ್ದು ಮಲಯಾಳ, ಬ್ಯಾರಿ, ಮರಾಠಿ, ಹವ್ಯಕ. ಪಾಠ ಮಾತ್ರ ಪುಸ್ತಕದ ಕನ್ನಡದಲ್ಲಿ. ಓಣಂ ಪರೀಕ್ಷೆಗೆ ಮೊದಲು ಮುಗಿಸಬೇಕಾದ ಪಾಠಗಳು ಬೇರೆ ಇವೆ. "ಜಾಸ್ತಿ ಲೆಕ್ಕ ಕೊಡಿ, ಮಾಡಿ ಮಾಡಿ ಸರಿಯಾಗುತ್ತದೆ" ಎಂದು ಕೆಲವರು ಹೇಳಿದರು. ನನಗೆ ನಂಬಿಕೆ ಬರುತ್ತಿಲ್ಲ. ಎರಡನೇ ತರಗತಿಯ ಪಾಠದಿಂದಲೇ ಮತ್ತೆ ಶುರು ಮಾಡಲಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ನೀರ್ಚಾಲಿನ ಮಾಷ್ಟ್ರು (ನಿವೃತ್ತ):

ಟೀಚರೇ, ನಿಮಗೆ ನಂಬಿಕೆ ಬಾರದ್ದು ಸರಿಯೇ. ತಪ್ಪು ದಾರಿಯಲ್ಲಿ ಐವತ್ತು ಲೆಕ್ಕ ಮಾಡಿಸಿದರೆ ತಪ್ಪು ದಾರಿ ಗಟ್ಟಿಯಾಗುತ್ತದೆ, ಅಷ್ಟೇ. ಎರಡನೇ ತರಗತಿಗೆ ಹಿಂದೆ ಹೋಗುವುದೂ ಬೇಡ. 500ರಿಂದ 300 ಹೋದರೆ 200 ಎಂದು ಅವರಿಗೆ ಗೊತ್ತಿದೆ ಎಂದು ನೀವೇ ಬರೆದಿದ್ದೀರಿ. ಅಲ್ಲಿಂದಲೇ ಶುರು ಮಾಡಿ.

ದಿನಾ ಗಣಿತದ ಪೀರಿಯಡ್ಡಿನ ಮೊದಲ ಹತ್ತು ನಿಮಿಷ ಪೆನ್ಸಿಲ್ ಮುಟ್ಟಿಸಬೇಡಿ. ಬೋರ್ಡಿನಲ್ಲಿ ಒಂದೇ ಒಂದು ಲೆಕ್ಕ. 503 − 298 ಎಂದೇ ಇಟ್ಟುಕೊಳ್ಳಿ. ಮೊದಲು ಅಂದಾಜು ಕೇಳಿ. ಉತ್ತರ 100ರ ಹತ್ತಿರವಾ, 200ರ ಹತ್ತಿರವಾ, 400ರ ಹತ್ತಿರವಾ? ಹೇಳಿದ್ದನ್ನೆಲ್ಲ ಬರೆಯಿರಿ. ಸರಿ, ತಪ್ಪು ಎಂದು ಹೇಳಬೇಡಿ. ಮುಖದಲ್ಲೂ ತೋರಿಸಬೇಡಿ. ಮಕ್ಕಳು ನಮ್ಮ ಮುಖ ನೋಡಿಯೇ ಉತ್ತರ ಬದಲಿಸುತ್ತಾರೆ. ಆಮೇಲೆ "ಹೇಗೆ ಸಿಕ್ಕಿತು?" ಎಂದು ಕೇಳಿ. ಈ ಪ್ರಶ್ನೆಯೇ ಮುಖ್ಯ. ಸರಿ ಹೇಳಿದವರಿಗೂ ಕೇಳಬೇಕು, ತಪ್ಪು ಹೇಳಿದವರಿಗೂ ಕೇಳಬೇಕು. ತಪ್ಪಿದವರಿಗೆ ಮಾತ್ರ ಕೇಳಿದರೆ, ಟೀಚರ್ ಹೇಗೆ ಎಂದು ಕೇಳಿದರೆ ಉತ್ತರ ತಪ್ಪು ಎಂದು ಮಕ್ಕಳು ಎರಡೇ ದಿನದಲ್ಲಿ ಕಂಡುಹಿಡಿಯುತ್ತಾರೆ.

ಒಬ್ಬಳು 298ಕ್ಕೆ 2 ಸೇರಿಸಿ 300, ಅಲ್ಲಿಂದ 200 ಹೋದರೆ 500, ಮತ್ತೆ 3 ಎನ್ನಬಹುದು. ಒಟ್ಟು 205. ಬೋರ್ಡಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು ಅವಳು ಹಾರಿದ ಹಾಗೆಯೇ ಹಾರಿಕೆ ತೋರಿಸಿ. ಸಂಖ್ಯೆಗಳನ್ನು ಮೊದಲೇ ತುಂಬಿಸಿದ ಗೆರೆ ಬೇಡ, ಖಾಲಿ ಗೆರೆ ಸಾಕು. ಇನ್ನೊಬ್ಬ 503ರಿಂದ 300 ತೆಗೆದು 203, ಎರಡು ಜಾಸ್ತಿ ತೆಗೆದೆ, ವಾಪಸ್ ಕೊಟ್ಟೆ, 205 ಎನ್ನಬಹುದು. ಅದನ್ನೂ ಬರೆಯಿರಿ. 395 ಎಂದವನು ಈ ಹೊತ್ತಿಗೆ ಸುಮ್ಮನೆ ಕೂತಿರುವುದಿಲ್ಲ. ತನ್ನದು ಯಾಕೆ ಬೇರೆ ಬಂತು ಎಂದು ಅವನೇ ಹುಡುಕಲು ಶುರು ಮಾಡುತ್ತಾನೆ. ಆ ಹುಡುಕಾಟಕ್ಕೆ ಸಮಯ ಕೊಡಿ.

ಭಾಷೆಯ ವಿಷಯ. ಹೇಗೆ ಮಾಡಿದೆ ಎಂದು ವಿವರಿಸುವಾಗ ತುಳುವಿನಲ್ಲಿ ಹೇಳಲಿ, ಮಲಯಾಳದಲ್ಲಿ ಹೇಳಲಿ, ಅರ್ಧ ಅದು ಅರ್ಧ ಇದು ಆಗಲಿ. ನಡುವೆ ತಿದ್ದಬೇಡಿ. ನೀವು ಅಂಕಿಗಳನ್ನು ಬರೆಯುತ್ತಾ ಹೋಗಿ. ಮುಗಿದ ಮೇಲೆ ಅದನ್ನೇ ಇನ್ನೊಂದು ಮಗುವಿನಿಂದ ಕನ್ನಡದಲ್ಲಿ ಹೇಳಿಸಿ. ಯೋಚನೆ ಬರುವ ಭಾಷೆಯಲ್ಲಿ ಬಾಯಿ ತೆರೆಯಲು ಬಿಡದಿದ್ದರೆ ಆ ಮಗುವಿಗೆ ಲೆಕ್ಕ ಬರುತ್ತದೋ ಇಲ್ಲವೋ ಎಂದು ನಮಗೆ ತಿಳಿಯುವುದೇ ಇಲ್ಲ.

ಇನ್ನು ಬರೆದು ಕಳೆಯುವುದು. ಅದಕ್ಕೆ ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿಯಷ್ಟು ಒಳ್ಳೆಯ ಸಾಮಗ್ರಿ ನಾನು ನೋಡಿಲ್ಲ. ನಮ್ಮ ಕಡೆ ತೆಂಗಿನ ಗರಿಗೆ ಬರ ಇಲ್ಲ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್, ಅಂಥ ಹತ್ತು ಕಟ್ಟು ಸೇರಿದರೆ ನೂರರ ದೊಡ್ಡ ಕಟ್ಟು. ಐದನೆಯವರಿಗೆ ಇದು ಚಿಕ್ಕ ಮಕ್ಕಳ ಕೆಲಸ ಅಲ್ವಾ ಎಂದು ಸಂಕೋಚ ಬೇಡ. 503 ಎಂದರೆ ಐದು ದೊಡ್ಡ ಕಟ್ಟು, ಮೂರು ಬಿಡಿ ಕಡ್ಡಿ. ಅದರಿಂದ 8 ಬಿಡಿ ಕೊಡಬೇಕು. ದೊಡ್ಡ ಕಟ್ಟನ್ನು ಮಗು ತಾನೇ ಬಿಚ್ಚಬೇಕು. ಅದರೊಳಗಿಂದ ಹತ್ತು ಸಣ್ಣ ಕಟ್ಟು ಬರುತ್ತವೆ. ಅವುಗಳಲ್ಲಿ ಒಂದನ್ನು ಮತ್ತೆ ಬಿಚ್ಚಬೇಕು. ಕೈಯಲ್ಲಿ ಬಿಚ್ಚಿದ ಮೇಲೆ, ಪುಸ್ತಕದಲ್ಲಿ ಸೊನ್ನೆ ಹೊಡೆದು ಮೇಲೆ 9 ಬರೆಯುವುದು ಯಾಕೆ ಎಂದು ನಾವು ಹೇಳಬೇಕಾಗಿಲ್ಲ.

ಸೊನ್ನೆ ನಡುವೆ ಇದ್ದಾಗ ಇನ್ನೊಂದು ದಾರಿ ಇದೆ, ನನಗೆ ತುಂಬಾ ಇಷ್ಟವಾದದ್ದು. "503ರಲ್ಲಿ ಎಷ್ಟು ಹತ್ತುಗಳಿವೆ?" ಎಂದು ಕೇಳಿ. ಸೊನ್ನೆ ಎನ್ನುತ್ತಾರೆ. ಕಟ್ಟುಗಳನ್ನು ಎಣಿಸಲು ಬಿಡಿ. ದೊಡ್ಡ ಕಟ್ಟುಗಳ ಒಳಗಿನದನ್ನೂ ಸೇರಿಸಿದರೆ 50 ಹತ್ತುಗಳು. ಅದರಲ್ಲಿ ಒಂದನ್ನು ಬಿಚ್ಚಿದರೆ 49 ಹತ್ತು, 13 ಬಿಡಿ. 13ರಿಂದ 8 ಹೋದರೆ 5. 49 ಹತ್ತರಿಂದ 29 ಹತ್ತು ಹೋದರೆ 20 ಹತ್ತು. 205. ಎರಡು ಸಲ ಬಿಚ್ಚುವ ಗೊಂದಲವೇ ಇಲ್ಲ.

300040ಕ್ಕೆ ಕಾರ್ಡು ಮಾಡಿ. ಹಳೆ ಕ್ಯಾಲೆಂಡರಿನ ಹಿಂಬದಿ ಸಾಕು. 3000 ಎಂದು ಉದ್ದದ ಕಾರ್ಡು, 40 ಎಂದು ಗಿಡ್ಡ ಕಾರ್ಡು. ಬಲತುದಿ ಸರಿಹೊಂದಿಸಿ ಒಂದರ ಮೇಲೊಂದು ಇಟ್ಟರೆ 3040 ಕಾಣುತ್ತದೆ. ಎತ್ತಿದರೆ ಕೆಳಗೆ 3000 ಹಾಗೇ ಇದೆ.

ಮೀಂಜದಿಂದ ಒಬ್ಬ ಅಮ್ಮ:

ನಾನು ಟೀಚರ್ ಅಲ್ಲ. ಮಲ್ಲಿಗೆ ಬೆಳೆಸಿ ಕಟ್ಟಿ ಕೊಡುತ್ತೇನೆ. ಮಗಳು ನಾಲ್ಕನೇ ತರಗತಿ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅರ್ಧ ಅಟ್ಟೆ ಆದರೆ ಎಷ್ಟು ಹೂ ಎಂದರೆ 1600 ಎಂದು ನನ್ನ ಪಕ್ಕದಲ್ಲಿ ಕೂತು ಹೇಳುತ್ತಾಳೆ. ದರ ದಿನಾ ಬದಲಾಗುತ್ತದೆ, ಅದನ್ನೂ ಅವಳೇ ಕೂಡಿಸುತ್ತಾಳೆ. ಪುಸ್ತಕದಲ್ಲಿ 800 × 4 ಕಂಡರೆ ಮಾತ್ರ ಅಳು. ನಾನು ಓದಿದ್ದು ವಿಟ್ಲದ ಕಡೆ, ಗಡಿಯ ಆಚೆ. ಇಲ್ಲಿನ ಪುಸ್ತಕದ ರೀತಿ ನನಗೆ ಗೊತ್ತಿಲ್ಲ. ನನ್ನ ರೀತಿಯಲ್ಲಿ ಹೇಳಿಕೊಟ್ಟರೆ ಅವಳಿಗೆ ಇನ್ನೂ ಗೊಂದಲ ಆಗುತ್ತದಾ ಮಾಷ್ಟ್ರೇ?

ಮುಳ್ಳೇರಿಯ ಕಡೆಯ ಹೈಸ್ಕೂಲ್ ಗಣಿತ:

ಐದನೆಯಲ್ಲಿ ಸರಿಯಾಗದ್ದು ಎಂಟನೆಯಲ್ಲಿ ನನ್ನ ಮುಂದೆ ಬಂದು ಕೂರುತ್ತದೆ. 0.3ಕ್ಕಿಂತ 0.25 ದೊಡ್ಡದು, ಯಾಕೆಂದರೆ 3ಕ್ಕಿಂತ 25 ದೊಡ್ಡದು ಎನ್ನುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. 2021ರ ಜುಲೈಯಲ್ಲಿ ಶುರುವಾದ ಕೇಂದ್ರ ಸರಕಾರದ ನಿಪುಣ್ ಭಾರತ್ ಯೋಜನೆ, 2026–27ರ ಒಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದ ಅಡಿಪಾಯ ಸಿಗಬೇಕು ಎನ್ನುತ್ತದೆ. ಒಳ್ಳೆಯದೇ. ಆದರೆ ಮೂರನೆಯದನ್ನು ದಾಟಿ ಈಗಾಗಲೇ ಐದರಲ್ಲಿ, ಎಂಟರಲ್ಲಿ ಕೂತವರನ್ನು ನಾವೇ ನೋಡಬೇಕಲ್ಲಾ. ಹಾಗಾಗಿ ಈ ಪ್ರಶ್ನೆ ಕೇಳಿದ್ದಕ್ಕೆ ಟೀಚರಿಗೆ ನನ್ನ ಥ್ಯಾಂಕ್ಸ್.

ಮಾಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮಗ್ಗಿಯನ್ನು ಕೈಬಿಡಬೇಡಿ. 7 × 8 ಎಷ್ಟು ಎಂದು ಬೆರಳು ಮಡಚುತ್ತಾ ಕೂತರೆ, ಲೆಕ್ಕದ ಉಳಿದ ಭಾಗದ ಮೇಲೆ ಗಮನ ಇಡಲು ಮಗುವಿಗೆ ಆಗುವುದಿಲ್ಲ. ಆದರೆ ರಾಗ ಹಾಕಿ ಹೇಳಿಸಿದರೆ ಸಾಲದು. "ಏಳೆಂಟ್ಲಿ ಮರೆತುಹೋಯಿತು, ಐದೆಂಟ್ಲಿ 40 ನೆನಪಿದೆ, ಈಗ ಏನು ಮಾಡುತ್ತೀ?" ಎಂದು ಕೇಳಿ. ಎರಡೆಂಟ್ಲಿ 16 ಸೇರಿಸಿ 56 ಎಂದು ಬಂದರೆ ಆ ಮಗುವಿಗೆ ಮಗ್ಗಿ ನಿಜವಾಗಿ ಬಂತು.

ಲೆಕ್ಕ ಎಲ್ಲಿಂದ ತರುವುದು ಎಂದರೆ, ನಿಮ್ಮ ಶಾಲೆಯ ಅಡುಗೆ ಕೋಣೆಯಿಂದ. ಮಧ್ಯಾಹ್ನದ ಊಟಕ್ಕೆ ಐದರವರೆಗಿನ ಒಂದು ಮಗುವಿಗೆ 100 ಗ್ರಾಂ ಅಕ್ಕಿ, ಆರರಿಂದ ಎಂಟರವರೆಗಿನವರಿಗೆ 150 ಗ್ರಾಂ. ಇವತ್ತು ಕೆಳಗಿನ ತರಗತಿಗಳಲ್ಲಿ 86 ಮಕ್ಕಳು ಬಂದರೆ ಎಷ್ಟು ಅಕ್ಕಿ? 8600 ಗ್ರಾಂ ಎಂದು ಗುಣಿಸುತ್ತಾರೆ. ಕಿಲೋಗೆ ತರುವಾಗ ಒಬ್ಬ 86 ಎನ್ನುತ್ತಾನೆ, ಇನ್ನೊಬ್ಬ 8.6 ಎನ್ನುತ್ತಾನೆ. 50 ಕಿಲೋ ಚೀಲ ಕಣ್ಣೆದುರೇ ಇದೆ. ಒಂದು ಊಟಕ್ಕೆ ಒಂದೂವರೆ ಚೀಲಕ್ಕಿಂತ ಜಾಸ್ತಿ ಬೇಕಾ ಎಂದು ಅಡುಗೆಯ ಅಕ್ಕನ ಹತ್ತಿರವೇ ಕೇಳಲಿ. ಆ ಚುಕ್ಕಿ ಎಲ್ಲಿ ಬರಬೇಕು ಎಂದು ಆಮೇಲೆ ಮರೆಯುವುದಿಲ್ಲ.

ನನ್ನ ಮಕ್ಕಳಿಗೆ ಅಡಿಕೆ ತೋಟ. ಗಿಡದಿಂದ ಗಿಡಕ್ಕೆ 9 ಅಡಿ, ಸಾಲಿನಿಂದ ಸಾಲಿಗೆ 9 ಅಡಿ. ಒಂದು ಗಿಡಕ್ಕೆ 81 ಚದರ ಅಡಿ. ಒಂದು ಸೆಂಟ್ ಎಂದರೆ 435.6 ಚದರ ಅಡಿ. ಪೆನ್ನು ಮುಟ್ಟದೆ ಹೇಳಿ, ಸೆಂಟಿಗೆ ಎಷ್ಟು ಗಿಡ? ಎಂಟೈದಲಿ 40, ಹಾಗಾಗಿ 80ರಂತೆ ಐದು ಗಿಡಕ್ಕೆ 400, ಐದಕ್ಕಿಂತ ಸ್ವಲ್ಪ ಜಾಸ್ತಿ. ಎಕರೆಗೆ 100 ಸೆಂಟ್, ಅಲ್ಲಿಗೆ 500ಕ್ಕಿಂತ ಸ್ವಲ್ಪ ಜಾಸ್ತಿ. ಸರಿಯಾಗಿ ಭಾಗಿಸಿದರೆ 537 ಚಿಲ್ಲರೆ. ಅಂದಾಜು ಮೊದಲು, ಭಾಗಾಕಾರ ಆಮೇಲೆ. ಭಾಗಿಸಿ 5377 ಬಂದರೆ ಎಲ್ಲೋ ತಪ್ಪಿದೆ ಎಂದು ತೋಟ ನೋಡಿದ ಮಗುವಿಗೆ ತಾನೇ ಗೊತ್ತಾಗುತ್ತದೆ.

ಪೆರ್ಲದ ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. 50 ಹತ್ತುಗಳ ವಿಷಯ ಇವತ್ತೇ ಕ್ಲಾಸಿನಲ್ಲಿ ಕೇಳಿದೆ. ಮೊದಲು ಎಲ್ಲರೂ ಸೊನ್ನೆ ಎಂದರು. ಹಿಂದಿನ ಬೆಂಚಿನ ಒಬ್ಬ ಹುಡುಗ ತುಂಬಾ ಹೊತ್ತು ಯೋಚಿಸಿ, "ಟೀಚರ್, ಹತ್ತರ ನೋಟು ಮಾತ್ರ ಇದ್ದರೆ 50 ನೋಟು ಬೇಕು" ಎಂದ. ಕಡ್ಡಿಗೂ ಮೊದಲೇ! ಅವನು ಇಲ್ಲಿವರೆಗೆ ಗಣಿತದಲ್ಲಿ ಬಾಯಿ ಬಿಟ್ಟವನೇ ಅಲ್ಲ. ಅದನ್ನು ಅವನು ಹೇಳಿದ್ದು ತುಳುವಿನಲ್ಲಿ.

ಎರಡು ಸಂಶಯ. ಹತ್ತು ನಿಮಿಷ ಬಾಯಲ್ಲೇ ಮಾಡಿದರೆ, ಪುಸ್ತಕದಲ್ಲಿ ಏನೂ ಇಲ್ಲ ಎಂದು ಪೋಷಕರು ಕೇಳುತ್ತಾರೆ. ಏನು ಹೇಳಲಿ? ಇನ್ನೊಂದು, ಮೂವರು ಮಕ್ಕಳಿಗೆ ಇಪ್ಪತ್ತು ದಾಟಿದ ಮೇಲೆ ಎಣಿಕೆಯೇ ತಪ್ಪುತ್ತದೆ. ಒಂದು ವಸ್ತುವನ್ನು ಎರಡು ಸಲ ಎಣಿಸುತ್ತಾರೆ. ಅವರಿಗೆ 503 ತುಂಬಾ ದೂರ.

ನೀರ್ಚಾಲಿನ ಮಾಷ್ಟ್ರು:

ಮೊದಲು ಮೀಂಜದ ಅಕ್ಕನಿಗೆ. ನಿಮ್ಮ ರೀತಿಯಲ್ಲೇ ಹೇಳಿಕೊಡಿ, ಏನೂ ತೊಂದರೆ ಇಲ್ಲ. ಹೇಳಿಕೊಟ್ಟ ಮೇಲೆ "ನಿನ್ನ ಟೀಚರ್ ಹೇಗೆ ಮಾಡಿದರು, ನನಗೂ ತೋರಿಸು" ಎಂದು ಅವಳ ಹತ್ತಿರ ಕೇಳಿ. ಎರಡು ದಾರಿಯಲ್ಲೂ ಒಂದೇ ಉತ್ತರ ಬರುವುದನ್ನು ಅವಳೇ ನೋಡಲಿ. 800 × 4 ಎಂದರೆ ಒಂದು ಅಟ್ಟೆ ಎಂದು ಪುಸ್ತಕದ ಬದಿಯಲ್ಲಿ ಬರೆಸಿ. ಅವಳ ಟೀಚರಿಗೂ ಮಲ್ಲಿಗೆಯ ಲೆಕ್ಕ ಹೇಳಿ ಬನ್ನಿ.

ಟೀಚರೇ, ಪೋಷಕರಿಗೆ ಭಾಷಣ ಬೇಡ. ಮೀಟಿಂಗಿನಲ್ಲಿ 1000 − 998 ಬೋರ್ಡಿನಲ್ಲಿ ಬರೆದು, ಹೇಗೆ ಮಾಡಿದಿರಿ ಎಂದು ಅವರನ್ನೇ ಕೇಳಿ. ಒಬ್ಬರಾದರೂ ಸೊನ್ನೆ ಹೊಡೆದು ಮಾಡುತ್ತಾರಾ ನೋಡಿ. ಮತ್ತೆ ಮಕ್ಕಳು ದಿನದ ಲೆಕ್ಕ, ತಮ್ಮ ಅಂದಾಜು, ಒಂದು ಗೆರೆಯ ಚಿತ್ರ, ಇಷ್ಟನ್ನು ಕೊನೆಗೆ ಪುಸ್ತಕದಲ್ಲಿ ಬರೆಯಲಿ. ಎರಡು ನಿಮಿಷದ ಕೆಲಸ.

ಆ ಮೂವರಿಗೆ ಚೆನ್ನೆಮಣೆ, ಗುಳಿಗಳಿರುವ ಮರದ ಮಣೆಯ ಆಟ. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಆಡುತ್ತಿದ್ದದ್ದು. 14 ಗುಳಿ, ಗುಳಿಗೆ 4 ಕಾಯಿಯಂತೆ ಒಟ್ಟು 56. ಮಂಜೊಟ್ಟಿ ಬೀಜ ಇದ್ದರೆ ಒಳ್ಳೆಯದು, ಹುಣಸೆ ಬೀಜವೂ ಆದೀತು. ಒಂದೊಂದು ಗುಳಿಗೆ ಒಂದೊಂದೇ ಹಾಕುತ್ತಾ ಹೋಗಬೇಕಾದ್ದರಿಂದ ಎರಡು ಸಲ ಎಣಿಸಲು ದಾರಿಯೇ ಇಲ್ಲ. ಸ್ವಲ್ಪ ಆಡಿದ ಮೇಲೆ, ಕೈಯಲ್ಲಿರುವ ಬೀಜ ಯಾವ ಗುಳಿಯಲ್ಲಿ ಮುಗಿಯುತ್ತದೆ ಎಂದು ಹಾಕುವ ಮೊದಲೇ ಹೇಳಿಸಿ. ಹೇಳಿದ ಗುಳಿ ಸರಿಯಾದರೆ ಅವರ ಮುಖ ನೋಡಿ. ಆಟ ಮುಗಿದ ಮೇಲೆ ಗೆದ್ದ ಬೀಜಗಳನ್ನು ಹತ್ತು ಹತ್ತರ ಗುಂಪು ಮಾಡಿ ಎಣಿಸಲಿ. ಅಲ್ಲಿಂದ ಕಡ್ಡಿಯ ಕಟ್ಟಿಗೆ ಬರಲು ತಡವಾಗುವುದಿಲ್ಲ. ಅವರನ್ನು ಬೇರೆ ಕೂರಿಸಬೇಡಿ. ಲೆಕ್ಕ ಚೆನ್ನಾಗಿ ಬರುವವರ ಜೊತೆಗೇ ಜೋಡಿ ಮಾಡಿ ಆಡಿಸಿ.

ಪೆರ್ಲದ ಟೀಚರ್:

ಸರಿ ಮಾಷ್ಟ್ರೇ. ಮುಂದಿನ ವಾರ ಪಿ.ಟಿ.ಎ. ಮೀಟಿಂಗ್ ಇದೆ, 1000 − 998 ಅಲ್ಲೇ ಕೇಳುತ್ತೇನೆ. ಅಕ್ಕಿಯ ಲೆಕ್ಕಕ್ಕೆ ಅಡುಗೆಯ ಅಕ್ಕ ಈಗಲೇ ಒಪ್ಪಿದ್ದಾರೆ, ದಿನಾ ಇಬ್ಬರು ಮಕ್ಕಳು ತೂಕ ನೋಡಲು ಹೋಗುತ್ತಾರೆ. ಹಿಡಿಸೂಡಿ ಕಡ್ಡಿ, ಹುಣಸೆ ಬೀಜ ಮಕ್ಕಳೇ ತರುತ್ತಾರೆ. ಚೆನ್ನೆಮಣೆ ಮಾತ್ರ ಶಾಲೆಯಲ್ಲಿ ಇಲ್ಲ. ಪೆರ್ಲ, ಬದಿಯಡ್ಕ, ನೀರ್ಚಾಲು ಕಡೆ ಯಾರ ಮನೆಯ ಅಟ್ಟದಲ್ಲಾದರೂ ಹಳೆಯದು ಇದ್ದರೆ ಇಲ್ಲಿ ಹೇಳಿ. ಬಂದು ತೆಗೆದುಕೊಂಡು ಹೋಗುತ್ತೇನೆ, ಜೋಪಾನವಾಗಿ ವಾಪಸ್ ಕೊಡುತ್ತೇನೆ.