ಹುಬ್ಬಳ್ಳ್ಯಾಗ ಮಕ್ಕಳ ದವಾಖಾನಿ ಡ್ಯೂಟಿ ಹೆಂಗಿರ್ತೈತ್ರಿ? ಮಾಡಿದವ್ರು ಹೇಳ್ರಿ

ಗದಗಿನಾಕಿ:
ನಮಸ್ಕಾರ್ರಿ ಎಲ್ಲಾರಿಗೂ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಗದಗಿನ್ಯಾಗ ದೊಡ್ಡವರ ವಾರ್ಡ್‌ದಾಗ ಕೆಲಸ ಮಾಡಾಕತ್ತೇನಿ, ಈಗ ಹುಬ್ಬಳ್ಳ್ಯಾಗ ಒಂದು ಪ್ರೈವೇಟ್ ಮಕ್ಕಳ ದವಾಖಾನಿಗೆ ಕರದಾರ, ಪಗಾರನೂ ಸ್ವಲ್ಪ ಜಾಸ್ತಿ ಐತಿ. ನಮ್ಮವ್ವ ಬ್ಯಾಡ ಅಂತಾಳ, ಕೂಸು ಅಳೂದು ನೋಡಾಕ ನಿನಗ ಆಗಂಗಿಲ್ಲ ಅಂತ. ನನಗ ಅಳೂದ್ರ ಹೆದರಿಕಿ ಇಲ್ರಿ, ಐವಿ, ಅಂದ್ರ ನರಕ್ಕ ಸೂಜಿ, ಹಾಕೂದರ ಹೆದರಿಕಿ. ಎನ್‌ಐಸಿಯುಕ್ಕ, ಅಂದ್ರ ಈಗಷ್ಟ ಹುಟ್ಟಿದ ಕೂಸಿನ ಐಸಿಯುಕ್ಕ, ಹಾಕ್ತೇವಿ ಅಂದಾರ. ಖರೇನ ಹೇಳ್ರಿ, ಬರಬೇಕೋ ಬ್ಯಾಡೋ?

ನೈಟ್ ಡ್ಯೂಟಿ ಅಕ್ಕ:
ಐವಿ ಕೈಗೆ ಕೂಡ್ತೈತಿ ಬಿಡ ತಂಗಿ. ಹಳದಿ ಬಣ್ಣದ 24 ನಂಬರ್ ಸೂಜಿ, ಭಾಳ ಸಣ್ಣ ಕೂಸಿಗೆ ನೇರಳೆ ಬಣ್ಣದ 26, ಕೈಯಾಗ ನರ ಸಿಗಲಿಲ್ಲಂದ್ರ ಕಾಲಾಗ ನೋಡ್ತಾರ, ಅಲ್ಲೂ ಇಲ್ಲಂದ್ರ ತಲಿ ಮ್ಯಾಲ. ಹಾಕೂದಕ್ಕಿಂತ ಉಳಿಸಿಕೊಳ್ಳೂದ ಕಷ್ಟ, ಕೂಸು ಒಮ್ಮೆ ಕೈ ಝಾಡಿಸ್ತಂದ್ರ ಹೋತು, ಅದಕ್ಕ ಔಷಧದ ಡಬ್ಬಿ ರಟ್ಟು ಕತ್ತರಿಸಿ ಹತ್ತಿ ಸುತ್ತಿ ಕೈಗೆ ಕಟ್ಟಿ ಟೇಪ್ ಹಚ್ಚತೇವಿ. ನೀ ಹೆದರಬೇಕಾದ್ದು ಲೆಕ್ಕಕ್ಕ. ದೊಡ್ಡವರ ವಾರ್ಡ್‌ದಾಗ ಜ್ವರಕ್ಕ ಒಂದು ಗುಳಿಗಿ ಕೊಟ್ಟು ಮುಂದ ಹೋಗ್ತಿ, ಇಲ್ಲಿ ಮೊದಲ ತೂಕ, ಆಮ್ಯಾಲ ಔಷಧ. ಪ್ಯಾರಾಸಿಟಮಾಲ್ ಕೆಜಿಗೆ 15 ಮಿಲಿಗ್ರಾಂ ಅಂತ ಹಿಡಿ, ಡ್ರಾಪ್ಸ್‌ನ್ಯಾಗ 1 ಎಂಎಲ್‌ಗೇ 100 ಮಿಲಿಗ್ರಾಂ ಇರ್ತೈತಿ, ಸಿರಪ್‌ನ್ಯಾಗ 5 ಎಂಎಲ್‌ಗೆ 125, ಇಲ್ಲಾ 250. ಸಿರಪ್ಪಿನ ಲೆಕ್ಕ ಹಾಕಿ ಡ್ರಾಪ್ಸ್ ಎಳದಿ ಅಂದ್ರ ಏನಾಕ್ಕೈತಿ ನೀನ ಯೋಚನಿ ಮಾಡು. ನಿದ್ದಿಗಣ್ಣಾಗ 0.5 ಅನ್ನೂದು 5 ಕಾಣ್ತೈತಿ, ಬಾಜೂ ಸಿಸ್ಟರ್‌ಗೆ ತೋರಿಸದ ಇಂಜೆಕ್ಷನ್ ತುಂಬಬ್ಯಾಡ, ಆಕಿ ಬೈದ್ರೂ ತೋರಿಸು.

ಇನ್ನೊಂದು, ಕೂಸಿನ ಉಸಿರು ಪೂರ್ತಿ ಒಂದು ನಿಮಿಷ ಎಣಿಸಬೇಕು, ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸೂದು ನಡಿಯಂಗಿಲ್ಲ. ಎರಡು ತಿಂಗಳ ಒಳಗಿಂದು ಇದ್ದು 60 ಅಥವಾ ಮ್ಯಾಲ ಬಂತಂದ್ರ ಡಾಕ್ಟರ್‌ನ ಎಬ್ಬಿಸು, ಸಂಕೋಚ ಮಾಡಬ್ಯಾಡ.

ಹಾವೇರಿ ಬ್ರದರ್:
ಅಕ್ಕಾರು ಹೇಳಿದ್ದು ಬರೋಬ್ಬರಿ ಐತಿ, ಆದ್ರ ಅರ್ಧ ಕೆಲಸ ಕೂಸಿಂದಲ್ರಿ, ಅದರ ಹಿಂದ ಬಂದ ಮಂದೀದು. ಒಂದು ಕೂಸಿಗೆ ಅಜ್ಜಿ ಇಬ್ರು, ಅತ್ತಿ, ಕಾಕಾ, ಊರಾನ ಹಿರಿಯಾ ಒಬ್ಬಾಂವ. ಕಾಮಾಲಿಗೆ ನೀಲಿ ಲೈಟ್ ಕೆಳಗ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ರ ಕೂಸಿಗೆ ಕಣ್ಣು ಹೋಗ್ಯಾವೇನ್ರಿ ಅಂತ ಹೊರಗ ಬೊಬ್ಬಿ, ಪಟ್ಟಿ ಕಟ್ಟೂದ ಕಣ್ಣು ಕಾಯಾಕ ಅಂತ ಪ್ರತಿಯೊಬ್ಬರಿಗೂ ಬ್ಯಾರೆ ಬ್ಯಾರೆ ಹೇಳಬೇಕು. ನೀ ಆಕಡೆ ತಿರುಗೂದ ತಡ ಅಜ್ಜಿ ಸೆರಗಿನ್ಯಾಗಿಂದ ಬಜಿ ಬೇರು ತಗದು ತೇದು ನೆಕ್ಕಿಸ್ತಾಳ, ಇಲ್ಲಾ ಜೇನುತುಪ್ಪ. ವರ್ಷ ತುಂಬೂತನಾ ಜೇನು ಕೊಡಬಾರ್ದು ಅಂದ್ರ ನಾವೆಲ್ಲಾ ಅದನ್ನ ತಿಂದ ಬೆಳದೇವಿ ಅಂತಾಳ. ಜಗಳಾ ತಗೀಬ್ಯಾಡ್ರಿ, ಆಯೀ, ಇನ್ನ ಸ್ವಲ್ಪ ದಿನಾ ತಾಯಿ ಹಾಲಷ್ಟ ಇರ್ಲಿ ಅಂದ್ರ ಕೇಳ್ತಾರ. ಆ ಆಯಿನ ಮುಂದ ಸೊಸಿಗೆ ಎದಿಗೆ ಹಚ್ಚೂದು ಕಲಿಸ್ತಾಳ, ನಮ್ಮ ಸಿಸ್ಟರ್‌ಗಿಂತ ಚಲೋ.

ಬಿಟ್ಟಾಕಿ:
ಇಬ್ರೂ ಚಲೋದ ಹೇಳೀರಿ. ನಾ ಬಿಟ್ಟು ಬಂದೇನಿ, ಕೂಸು ತೀರಕೊಂಡಿದ್ದಕ್ಕಲ್ಲ, ಅದೂ ಆಕ್ಕೈತಿ, ಅಳ್ತೀವಿ, ಮುಖ ತೊಳಕೊಂಡು ಮುಂದಿನ ಕೂಸಿಗೆ ಹಾಲು ಕೊಡ್ತೀವಿ. ಬಿಟ್ಟದ್ದು ಮಂದಿ ಕಡಿಮಿ ಇಟ್ಟಿದ್ದಕ್ಕ. ವೆಂಟಿಲೇಟರ್ ಮ್ಯಾಗಿನ ಕೂಸು ನೋಡಕೋತ ಬಾಗಲಾಗಿನ ಅಡ್ಮಿಶನ್ ಹೆಂಗ ತಗೋಳ್ಳಿ? ಪಗಾರ ಕೇಳೂದಕ್ಕಿಂತ ಮೊದಲ ರಾತ್ರಿ ಒಬ್ಬ ಸಿಸ್ಟರ್‌ಗೆ ಎಷ್ಟು ಕೂಸು ಅಂತ ಕೇಳವಾ. ಬಾಯಿ ಬಿಡಲಿಲ್ಲಂದ್ರ ಗದಗಿನ್ಯಾಗ ಇರು. ಮತ್ತ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಟುಕೋತೇವಿ ಅಂದ್ರ ಕೊಡಬ್ಯಾಡ.

ಗದಗಿನಾಕಿ:
ಮಾರ್ಕ್ಸ್‌ಕಾರ್ಡ್ ಕೇಳ್ಯಾರ್ರಿ ಅಕ್ಕಾರ! ಝೆರಾಕ್ಸ್ ಅಷ್ಟ ಕೊಡ್ತೇನಿ ಅಂತ ಸೋಮವಾರ ಫೋನ್ ಹಚ್ಚತೇನಿ, ಕೂಸಿನ ಲೆಕ್ಕಾನೂ ಕೇಳ್ತೇನಿ. ವಿದ್ಯಾನಗರದ ಕಡೆ ಹುಡುಗ್ಯಾರ ಪಿಜಿ ಗೊತ್ತಿದ್ರ ಹೇಳ್ರಿ, ನೈಟ್ ಮುಗಿಸಿ ಬೆಳಿಗ್ಗೆ ಬಂದ್ರ ಗೇಟ್ ತಗಿಯೂವಂಥಾದ್ದು.