ಕ್ಲಾಪ್ಟನ್ ಅವರ 1976ರ ಮಾತಿಗೆ ಕೇಳುಗರು ಹೇಗೆ ಪ್ರತಿಕ್ರಿಯಿಸಬೇಕಿತ್ತು?

ಪ್ರಶ್ನೆ

ಎರಿಕ್ ಕ್ಲಾಪ್ಟನ್ ಅವರ ಗಿಟಾರ್ ವಾದನವನ್ನು ನಾನು ಕಾಲೇಜಿನ ದಿನಗಳಿಂದ ಕೇಳುತ್ತ ಬಂದಿದ್ದೇನೆ. 1976ರ ಆಗಸ್ಟ್ 5ರಂದು ಬರ್ಮಿಂಗ್‌ಹ್ಯಾಮ್‌ನ ಓಡಿಯನ್ ಸಭಾಂಗಣದಲ್ಲಿ ಕುಡಿದ ಅಮಲಿನಲ್ಲಿದ್ದ ಅವರು, ಸಭೆಯಲ್ಲಿ ವಿದೇಶೀಯರಿದ್ದರೆ ಕೈಯೆತ್ತಿ ಎಂದು ಕೇಳಿ, ಅಂಥವರು ದೇಶವನ್ನೇ ಬಿಟ್ಟು ಹೋಗಲಿ ಎಂದೂ ಎಲ್ಲರೂ ಇನಾಕ್ ಪವೆಲ್ ಅವರನ್ನು ಬೆಂಬಲಿಸಬೇಕೆಂದೂ ಹೇಳಿದರೆಂಬುದನ್ನು ಈಚೆಗೆ ಓದಿದೆ. ಪವೆಲ್ 1968ರಲ್ಲಿ ಅದೇ ಊರಿನಲ್ಲಿ ವಲಸಿಗರ ವಿರುದ್ಧ ಭಾಷಣ ಮಾಡಿ, ತಮ್ಮ ಪಕ್ಷದ ಛಾಯಾ ಸಂಪುಟದಿಂದ (ವಿರೋಧ ಪಕ್ಷ ರಚಿಸಿಕೊಳ್ಳುವ ಪರ್ಯಾಯ ಮಂತ್ರಿಗಳ ತಂಡದಿಂದ) ವಜಾಗೊಂಡಿದ್ದ ರಾಜಕಾರಣಿ. ಬ್ರಿಟನ್ನಿನ ವಲಸಿಗರಲ್ಲಿ ಪಂಜಾಬಿನವರೂ ಗುಜರಾತಿನ ಮೂಲದವರೂ ಬಹಳ ಮಂದಿ ಇದ್ದುದರಿಂದ, ಆ ಮಾತು ನಮ್ಮವರನ್ನು ಕುರಿತದ್ದೂ ಹೌದು.

ಕಲಾವಿದರು ತಮ್ಮ ಕಲೆಯನ್ನಷ್ಟೇ ನೋಡಿಕೊಳ್ಳಬೇಕು, ರಾಜಕೀಯದ ಗೊಡವೆಗೆ ಹೋಗಬಾರದು ಎಂದು ನನ್ನ ಗೆಳೆಯರು ವಾದಿಸುತ್ತಾರೆ. ಈ ವಾದ ಒಪ್ಪತಕ್ಕದ್ದೇ? ಅಂದಿನ ಕೇಳುಗರು ಏನು ಮಾಡಿದರು?

ಉತ್ತರ 1

ಅವರು ಮಾಡಿದ್ದನ್ನು ತಿಳಿದುಕೊಂಡರೆ ನಿಮ್ಮ ಗೆಳೆಯರ ವಾದ ಎಷ್ಟು ಕಿರಿದೆಂಬುದು ಗೊತ್ತಾಗುತ್ತದೆ. ಛಾಯಾಗ್ರಾಹಕ ರೆಡ್ ಸಾಂಡರ್ಸ್ ಮತ್ತು ಅವರ ಕೆಲವು ಗೆಳೆಯರು ಸಂಗೀತ ಪತ್ರಿಕೆಗಳಿಗೆ ಒಂದು ಕಾಗದ ಬರೆದರು. ಕ್ಲಾಪ್ಟನ್ ಅವರ ಸಂಗೀತದ ಅರ್ಧಪಾಲು ಕರಿಯರಿಂದಲೇ ಬಂದದ್ದಲ್ಲವೇ ಎಂದು ಅದರಲ್ಲಿ ನೇರವಾಗಿ ಕೇಳಿದ್ದರು. ಆ ಪ್ರಶ್ನೆ ನಾಟುವಂಥದ್ದೇ ಆಗಿತ್ತು, ಏಕೆಂದರೆ 1974ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಕ್ಲಾಪ್ಟನ್ ಅವರಿಗೆ ಮೊದಲ ಸ್ಥಾನ ತಂದುಕೊಟ್ಟಿದ್ದು ಜಮೈಕಾದ ಬಾಬ್ ಮಾರ್ಲಿ ಅವರ ಹಾಡು. ಕಾಗದದ ಕೊನೆಯಲ್ಲಿ, ರಾಕ್ ಸಂಗೀತದೊಳಗೆ ಸೇರಿಕೊಂಡ ಜನಾಂಗದ್ವೇಷದ ವಿರುದ್ಧ ಒಟ್ಟುಗೂಡಲು ಬಯಸುವವರು ತಮಗೆ ಬರೆಯಬೇಕೆಂದು ಕೋರಿದ್ದರು. ನೂರಾರು ಉತ್ತರಗಳು ಬಂದವು. ‘ರಾಕ್ ಅಗೇನ್ಸ್ಟ್ ರೇಸಿಸಂ’ ಎಂಬ ಚಳವಳಿ ಹುಟ್ಟಿದ್ದು ಹೀಗೆ.

1978ರ ಏಪ್ರಿಲ್ 30ರಂದು ಈ ಚಳವಳಿಯ ಕರೆಗೆ ಓಗೊಟ್ಟು ಹತ್ತಾರು ಸಾವಿರ ಜನ ಲಂಡನ್ನಿನ ಟ್ರಫಾಲ್ಗರ್ ಚೌಕದಿಂದ ಪೂರ್ವ ಭಾಗದ ವಿಕ್ಟೋರಿಯಾ ಪಾರ್ಕಿನವರೆಗೆ ಮೆರವಣಿಗೆಯಲ್ಲಿ ನಡೆದರು. ಅಲ್ಲಿ ‘ದಿ ಕ್ಲ್ಯಾಶ್’ ಹಾಡಿತು, ‘ಸ್ಟೀಲ್ ಪಲ್ಸ್’ ಹಾಡಿತು. ಈ ಎರಡನೆಯ ತಂಡದ ಕರಿಯ ಯುವಕರು ಕ್ಲಾಪ್ಟನ್ ಆ ಮಾತಾಡಿದ ಬರ್ಮಿಂಗ್‌ಹ್ಯಾಮ್‌ನವರೇ ಎಂಬುದನ್ನು ನೆನೆದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಕೇಳುಗರು ಅಂದು ಕಲಾವಿದರ ಬಾಯಿ ಮುಚ್ಚಿಸಲು ಹೋಗಲಿಲ್ಲ. ಆಡಿದ ಮಾತಿಗೆ ಎದುರುಮಾತು ಕೊಟ್ಟರು.

ಉತ್ತರ 2

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಕೇಳುಗರ ಸಮೂಹ ಯಾವಾಗಲೂ ಇಷ್ಟು ವಿವೇಕದಿಂದ ವರ್ತಿಸುತ್ತದೆಂದು ನಂಬಲಾರೆ. 1992ರ ಅಕ್ಟೋಬರ್ 3ರಂದು ಐರ್ಲೆಂಡಿನ ಗಾಯಕಿ ಶಿನೇಡ್ ಓಕಾನರ್, ಚರ್ಚಿನೊಳಗೆ ಮಕ್ಕಳ ಮೇಲೆ ನಡೆಯುತ್ತಿದ್ದ ದೌರ್ಜನ್ಯವನ್ನು ಪ್ರತಿಭಟಿಸಲು, ಅಮೆರಿಕದ ಟಿವಿಯ ನೇರ ಪ್ರಸಾರದಲ್ಲೇ ಪೋಪ್ ಅವರ ಭಾವಚಿತ್ರವನ್ನು ಹರಿದರು. ಅದೇ ತಿಂಗಳ 16ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಬ್ ಡಿಲನ್ ಅವರ ಗೌರವಾರ್ಥ ನಡೆದ ಕಛೇರಿಯಲ್ಲಿ ಅವರು ವೇದಿಕೆಗೆ ಬಂದೊಡನೆ ಜನ ಕೂಗಾಡತೊಡಗಿದರು, ಆ ಗದ್ದಲ ನಿಲ್ಲಲೇ ಇಲ್ಲ. ಓಕಾನರ್ ವಾದ್ಯದವರನ್ನು ಕೈಸನ್ನೆಯಿಂದ ತಡೆದು, ಹಾಡಬೇಕಿದ್ದ ಹಾಡನ್ನು ಬಿಟ್ಟು, ಜನಾಂಗದ್ವೇಷದ ವಿರುದ್ಧದ ಮಾರ್ಲಿಯವರ ಹಾಡೊಂದನ್ನು ಪಕ್ಕವಾದ್ಯವಿಲ್ಲದೆ, ಕೂಗಿದಂತೆ ಹೇಳಿ ಕೆಳಗಿಳಿದರು. ಡಿಲನ್ ಅವರ ಪ್ರತಿಭಟನೆಯ ಹಾಡುಗಳನ್ನು ಮೆಚ್ಚಿ ಬಂದಿದ್ದ ಸಭೆಯೇ ಕಣ್ಣೆದುರಿನ ಪ್ರತಿಭಟನೆಯನ್ನು ಸಹಿಸಲಿಲ್ಲ ಎಂಬುದು ನನಗೆ ತೀರ ನೋವಿನ ಸಂಗತಿ. ಹತ್ತು ವರ್ಷ ಕಳೆದು, 2002ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದು ದಾಖಲೆಸಹಿತ ವರದಿಗಳನ್ನು ಪ್ರಕಟಿಸಿದ ಮೇಲೆ, ಓಕಾನರ್ ದೂರಿದ್ದು ನಿಜವೆಂಬುದು ಜಗತ್ತಿಗೆ ಮನದಟ್ಟಾಯಿತು.

ಉತ್ತರ 3

‘ಹಾಡುವವರು ಹಾಡಿಕೊಂಡಿರಲಿ’ ಎಂಬ ಬುದ್ಧಿವಾದವನ್ನು ನಾವು ನಮಗೆ ಹಿಡಿಸದ ಮಾತು ಕೇಳಿದಾಗ ಮಾತ್ರ ಹೇಳುತ್ತೇವೆ. 1971ರ ಆಗಸ್ಟ್ 1ರಂದು ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜಾರ್ಜ್ ಹ್ಯಾರಿಸನ್ ಮತ್ತು ರವಿಶಂಕರ್ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಛೇರಿ ನಡೆಸಿದರು. ಅಮೆರಿಕದ ಸರ್ಕಾರ ಪಾಕಿಸ್ತಾನದ ಪರ ನಿಂತಿದ್ದ ಆ ದಿನಗಳಲ್ಲಿ ‘ಬಾಂಗ್ಲಾದೇಶ’ ಎಂಬ ಹೆಸರನ್ನು ವೇದಿಕೆಯ ಮೇಲೆ ಉಚ್ಚರಿಸುವುದೇ ರಾಜಕೀಯವಾಗಿತ್ತು. ನಾವು ಭಾರತೀಯರು ಅದನ್ನು ಇಂದಿಗೂ ಅಭಿಮಾನದಿಂದ ನೆನೆಯುತ್ತೇವೆ. ಅಂದು ಅಲ್ಲಿ ಗಿಟಾರ್ ನುಡಿಸಿದವರಲ್ಲಿ ಕ್ಲಾಪ್ಟನ್ ಅವರೂ ಒಬ್ಬರು!

ಆದ್ದರಿಂದ ಸಂಗೀತಗಾರರು ಮಾತಾಡಬಹುದೇ ಎಂದು ಕೇಳುವುದಕ್ಕಿಂತ, ಆಡಿದ ಮಾತು ಯಾರಿಗೆ ತಾಗಿತೆಂದು ನೋಡಬೇಕು. ಓಕಾನರ್ ಬಲಿಷ್ಠ ಸಂಸ್ಥೆಯೊಂದನ್ನು ಎದುರಿಸಿ ಅದರ ಬೆಲೆಯನ್ನು ತಾವೇ ತೆತ್ತರು. ಕ್ಲಾಪ್ಟನ್ ಅವರ ಮಾತು ತಾಗಿದ್ದು, ಮೊದಲೇ ಬೀದಿಯಲ್ಲಿ ಹೊಡೆತ ತಿನ್ನುತ್ತಿದ್ದವರಿಗೆ. ಅವರು ಆ ಮಾತಾಡಿದ 1976ರ ಜೂನ್‌ನಲ್ಲೇ ಲಂಡನ್ನಿನ ಸೌತಾಲ್‌ನಲ್ಲಿ ಗುರ್ದೀಪ್ ಸಿಂಗ್ ಚಗ್ಗರ್ ಎಂಬ ಹದಿಹರೆಯದ ವಿದ್ಯಾರ್ಥಿಯನ್ನು ಇರಿದು ಕೊಂದಿದ್ದರು. 2018ರಲ್ಲಿ ಕ್ಲಾಪ್ಟನ್ ತಮ್ಮ ಹಿಂದಿನ ನಡತೆಗೆ ನಾಚಿಕೆಯಾಗುತ್ತದೆಂದು ಹೇಳಿಕೊಂಡಿದ್ದಾರೆ. ಅವರ ಗಿಟಾರನ್ನು ಕೇಳಬೇಕೆನಿಸಿದರೆ ಅವಶ್ಯವಾಗಿ ಕೇಳಿ, ಜೊತೆಗೆ ‘ಸ್ಟೀಲ್ ಪಲ್ಸ್’ ತಂಡದ 1978ರ ಮೊದಲ ಆಲ್ಬಮನ್ನೂ ಕೇಳಿ.